ಐದನೇ ಬಾಬತ್ತು

ಕೇಳಿದ ದಿನ ನಾನು ಹೇಳಲಿಲ್ಲ. ಮೇಜಿನ ಆಚೆ ಕೂತಿದ್ದ ಅಧಿಕಾರಿ ಫೈಲು ಮುಚ್ಚಿ ಪಕ್ಕಕ್ಕಿಟ್ಟು, “ಅಮ್ಮಾ, ಇದರಲ್ಲಿ ಏನು ಬರೆದಿದೆ ಅಂತ ನಾನು ಕೇಳುತ್ತಿಲ್ಲ. ನೀವು ಕಣ್ಣಲ್ಲಿ ಏನು ನೋಡಿದಿರಿ, ಅದನ್ನು ಹೇಳಿ” ಅಂದರು. ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನಾನು ಸೆರಗು ಸರಿಮಾಡಿಕೊಂಡು, “ಕಾಗದದಲ್ಲಿ ಇರೋ ಹಂಗೇ ಸಾರ್” ಅಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಫೈಲಿನ ಮೇಲೆ ಗುರುತು ಹಾಕಿ, ಮುಂದಿನವರನ್ನು ಕರೆದರು. ಆ ಒಂದು ಮಾತಿಗೆ ನನ್ನ ತಮ್ಮ ಎರಡು ವರ್ಷ ಕೋರ್ಟಿಗೆ ಅಲೆದ.

ಆಗ ನಾನು ಮಾಗಡಿಯ ಒಂದು ಸರ್ಕಾರಿ ಕಚೇರಿಯಲ್ಲಿ ಡಿ ಗ್ರೂಪ್ ನೌಕರಳು. ಗಂಡ ತೀರಿಕೊಂಡ ಮೇಲೆ ಅನುಕಂಪದಲ್ಲಿ ಸಿಕ್ಕಿದ ಕೆಲಸ. ಓದಿದ್ದು ಏಳನೇ ಕ್ಲಾಸು. ಕನ್ನಡ ಓದುತ್ತಿದ್ದೆ, ಇಂಗ್ಲಿಷಿನಲ್ಲಿ ನನ್ನ ಹೆಸರು ಎಲ್ಲಿದೆ ಎಂದು ಹುಡುಕುವಷ್ಟು ಬರುತ್ತಿತ್ತು. ಮೈಸೂರು ರಸ್ತೆಯ ಉದ್ದಕ್ಕೂ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ಕೈಗಾರಿಕೆಗೆಂದು ತೆಗೆದುಕೊಂಡ ಜಮೀನಿನ ಪರಿಹಾರವನ್ನು ಯಾರದೋ ಹೆಸರಿನಲ್ಲಿ ಇನ್ಯಾರೋ ಎತ್ತಿದ್ದರು. ಆ ಹಣ ಕೊಟ್ಟ ಬ್ಯಾಂಕು ಕೇಂದ್ರ ಸರ್ಕಾರದ್ದಾದ್ದರಿಂದ ತನಿಖೆಗೆ ಕೇಂದ್ರದ ಪೊಲೀಸರೇ ಬಂದರು. ನಮ್ಮ ಜನ ಅವರನ್ನು ದಿಲ್ಲಿ ಪೊಲೀಸರು ಅನ್ನುತ್ತಿದ್ದರು. ರಾಮನಗರದ ಪ್ರವಾಸಿ ಮಂದಿರದ ಹಿಂದಿನ ಎರಡು ಕೋಣೆ ಅವರ ಕ್ಯಾಂಪ್ ಆಫೀಸ್.

ಮನೆ ಶೋಧ ಮಾಡುವಾಗ ಅವರು ದಾರಿಯಲ್ಲಿ ಹೋಗುವವರನ್ನು ಪಂಚರಾಗಿ, ಅಂದರೆ ಕಣ್ಣಾರೆ ನೋಡಿದ ಸಾಕ್ಷಿಗಳಾಗಿ, ಕರೆಯುತ್ತಿರಲಿಲ್ಲ. ಸರ್ಕಾರಿ ನೌಕರರೇ ಬೇಕು, ಹೆಂಗಸರಿರುವ ಮನೆಗೆ ಒಬ್ಬ ಹೆಂಗಸು ಬೇಕು ಎಂದು ಕಚೇರಿಗಳಿಗೆ ಪತ್ರ ಬರೆಯುತ್ತಿದ್ದರು. ನಮ್ಮ ಕಚೇರಿಯಲ್ಲಿ ಯಾರೂ ಹೋಗಲು ಒಪ್ಪದೆ ಪ್ರತಿ ಸಲವೂ ನನ್ನನ್ನೇ ಕಳಿಸುತ್ತಿದ್ದರು.

ಕೆಲಸ ನಡೆಯುತ್ತಿದ್ದುದು ಹೀಗೆ. ಬೆಳಿಗ್ಗೆ ಕ್ಯಾಂಪಿಗೆ ಹೋದ ಕೂಡಲೇ ಇನ್ಸ್‌ಪೆಕ್ಟರು ಐದಾರು ಖಾಲಿ ಹಾಳೆ ಕೊಟ್ಟು ಕೆಳಗಡೆ ಸಹಿ ಹಾಕಿಸಿಕೊಳ್ಳುವರು. “ಸಂಜೆ ಟೈಪ್ ಆಗೋದು ತಡ ಆಯ್ತದೆ ಕಣಮ್ಮ. ನಿಂಗೆ ಮಾಗಡಿ ಬಸ್ಸು ತಪ್ಪಬಾರದಲ್ವಾ?” ಅನ್ನುವರು. ಅದು ಅವರ ಒಳ್ಳೆಯತನ ಅಂತಲೇ ನಾನು ತಿಳಿದಿದ್ದೆ. ಆಮೇಲೆ ಜೀಪಿನಲ್ಲಿ ಹೋಗುವುದು. ಗಂಡಸರು ಬೀರು, ಪೆಟ್ಟಿಗೆ, ಅಟ್ಟ ಹುಡುಕುವಾಗ ನಾನು ಆ ಮನೆಯ ಹೆಂಗಸರನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಕೂರುತ್ತಿದ್ದೆ. ಅವರು ಅಳುವರು, ನಾನು ನೀರು ಕುಡಿಸುವೆ. ಮನೆಯ ಹೆಣ್ಣುಮಗಳು ಅಷ್ಟು ಪರಗಂಡಸರ ಮುಂದೆ ಒಬ್ಬಳೇ ನಿಲ್ಲಬಾರದು, ಜೊತೆಗೊಬ್ಬಳು ಬೇಕು ಅನ್ನುವುದು ನಮ್ಮ ಕಡೆಯ ಮರ್ಯಾದೆ. “ನೀನಿದ್ರೆ ಗಲಾಟೆನೇ ಆಗಲ್ಲ” ಎಂದು ಇನ್ಸ್‌ಪೆಕ್ಟರು ಹೊಗಳುತ್ತಿದ್ದರು. ಇಪ್ಪತ್ತಕ್ಕೂ ಹೆಚ್ಚು ಮನೆಗೆ ಹೋಗಿದ್ದೆ. ಯಾವ ಕಾಗದ ಎಲ್ಲಿ ಸಿಕ್ಕಿತು ಎಂದು ಒಂದು ಮನೆಯಲ್ಲೂ ನೋಡಿರಲಿಲ್ಲ. ಅದನ್ನು ನೋಡುವುದೇ ನನ್ನ ಕೆಲಸ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಲಿಲ್ಲ.

ಒಂದೇ ಒಂದು ಸಲ ನೋಡಿದೆ. ಕುದೂರಿನಲ್ಲಿ, ಒಬ್ಬ ಪತ್ರ ಬರಹಗಾರನ ಮನೆ. ಅವನ ಹೆಂಡತಿ ನನ್ನ ಜೊತೆ ಅಡುಗೆಮನೆಯಲ್ಲಿದ್ದಳು. ಮಗುವಿಗೆ ಅಂಬಲಿ ಕಾಯಿಸುತ್ತೇನೆಂದು ರಾಗಿ ಹಿಟ್ಟಿನ ಡಬ್ಬದ ಮುಚ್ಚಳ ತೆಗೆದವಳು ಹಾಗೇ ಮುಚ್ಚಿಬಿಟ್ಟಳು. “ಯಾಕವ್ವ, ಹಿಟ್ಟು ಖಾಲಿನಾ?” ಎಂದು ನಾನೇ ತೆಗೆದು ನೋಡಿದೆ. ಹಿಟ್ಟಿನಲ್ಲಿ ಒಂದು ಕಾಗದದ ಕಟ್ಟು ಅರ್ಧ ಹೂತಿತ್ತು. ಇನ್ಸ್‌ಪೆಕ್ಟರನ್ನು ಕೂಗಿದೆ. ಅವರು ಮೊಳಕೈವರೆಗೆ ಕೈ ಹಾಕಿ ಎಳೆದು, ಸೀನಿದರು. ಹುರಿದಾರ ಕಟ್ಟಿದ ಹಾಳೆಗಳು. ಒಂದರಲ್ಲೂ ಬರಹವಿಲ್ಲ, ಕೆಳಗೆ ಹೆಬ್ಬೆಟ್ಟಿನ ಗುರುತು ಮಾತ್ರ. ಓದು ಬಾರದ ರೈತರಿಂದ ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಆಮೇಲೆ ಬೇಕಾದ್ದು ಬರೆದುಕೊಳ್ಳುತ್ತಿದ್ದ. ಮೋಸ ನಡೆದಿದ್ದೇ ಹಾಗೆ. ಅವತ್ತು ಬೆಳಿಗ್ಗೆ ನಾನೂ ಆರು ಖಾಲಿ ಹಾಳೆಗೆ ಸಹಿ ಹಾಕಿ ಬಂದಿದ್ದೆ. ಎರಡೂ ಒಂದೇ ಎಂದು ಆಗ ತಲೆಗೆ ಹೋಗಲಿಲ್ಲ.

ಆ ಕಟ್ಟಿಗೆ ಅಲ್ಲೇ ಅರಗು ಹಾಕಿ ಮೊಹರು ಒತ್ತಬೇಕಾಗಿತ್ತು. ಅರಗಿನ ಕಡ್ಡಿ ಕ್ಯಾಂಪಿನಲ್ಲೇ ಉಳಿದಿತ್ತು. ಕಟ್ಟನ್ನು ಚೀಲಕ್ಕೆ ಹಾಕಿ ಜೀಪಿನಲ್ಲಿ ನನ್ನ ಕಾಲ ಬಳಿ ಇಟ್ಟರು.

ಮಧ್ಯಾಹ್ನ ಜೀಪು ಕೂಟಗಲ್ ಕಡೆ ತಿರುಗಿತು. ಅಲ್ಲಿ ಯಾರ ಮನೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ತಮ್ಮನ ಮನೆ ಮುಂದೆ ನಿಂತಿತು.

ನನ್ನ ತಮ್ಮ ಅಲ್ಲಿ ಗ್ರಾಮ ಸಹಾಯಕ. ಕಂದಾಯದ ನೋಟಿಸು ಹಂಚುವುದು, ಅಧಿಕಾರಿಗಳು ಬಂದಾಗ ಜಮೀನು ತೋರಿಸುವುದು, ಇಂಥವರು ಇಂಥವರೇ ಎಂದು ಗುರುತು ಹೇಳುವುದು. ನಮ್ಮಪ್ಪನೂ ಅದೇ ಕೆಲಸ ಮಾಡಿದವರು. ನಾನು ಇನ್ಸ್‌ಪೆಕ್ಟರಿಗೆ, “ಸಾರ್, ಇದು ನನ್ನ ತಮ್ಮನ ಮನೆ, ನಾನು ಒಳಗೆ ಬರಲ್ಲ” ಅಂದೆ. “ಹೌದಾ? ಹಂಗಾದ್ರೆ ನೀನು ಇಳೀಲೇಬೇಡ” ಎಂದರು. ಒಳಗೆ ಅರ್ಧ ಗಂಟೆ ಹುಡುಕಿ ನಾಲ್ಕು ವಸ್ತು ತಂದರು. ಅವನ ನೋಟಿಸು ಪುಸ್ತಕ, ಇಂಕಿನ ಪ್ಯಾಡು, ಎರಡು ಡೈರಿ. ತಮ್ಮ ಬಾಗಿಲಲ್ಲಿ ನಿಂತು ಜೀಪಿನೊಳಗೆ ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿದೆ. ಅವನ ವಸ್ತುಗಳನ್ನೂ ಅದೇ ಚೀಲಕ್ಕೆ ಹಾಕಿದರು.

ಕ್ಯಾಂಪಿನಲ್ಲಿ ಚೀಲ ಮೇಜಿನ ಮೇಲೆ ಸುರಿದು, ಟೈಪಿಸ್ಟ್ ಪಟ್ಟಿ ಮಾಡಿದ. ನಾನು ಅಷ್ಟರಲ್ಲಿ ಬಸ್ಸು ಹತ್ತಿದ್ದೆ. ಎರಡು ತಿಂಗಳ ಮೇಲೆ ತಮ್ಮನನ್ನು ಅಮಾನತು ಮಾಡಿ ಹಿಡಿದುಕೊಂಡು ಹೋದರು. ಅವನ ವಕೀಲರು ಮಹಜರಿನ ನಕಲು ತೆಗೆಸಿದರು. ಎಲ್ಲಿ ಏನು ಸಿಕ್ಕಿತೆಂದು ಬರೆಯುವ ಕಾಗದ ಅದು. ಕೂಟಗಲ್ಲಿನ ಪಟ್ಟಿಯಲ್ಲಿ ನಾಲ್ಕಲ್ಲ, ಐದು ಬಾಬತ್ತು. ಐದನೆಯದು ಹೆಬ್ಬೆಟ್ಟಿನ ಕಟ್ಟು. ಕೆಳಗೆ ಪಂಚಳಾಗಿ ನನ್ನ ಸಹಿ.

ನಾನು ಇನ್ಸ್‌ಪೆಕ್ಟರ ಬಳಿ ಓಡಿದೆ. ಅವರು ಪಟ್ಟಿಯನ್ನು ಎರಡು ಸಲ ಓದಿದರು. ಬೇಕೆಂದು ಮಾಡಿದ್ದಲ್ಲ ಎನ್ನುವುದು ಅವರ ಮುಖದಲ್ಲೇ ಕಂಡಿತು. ಆದರೆ ಅವರು ಹೇಳಿದ್ದು ಬೇರೆ.

“ಈಗ ಇದನ್ನ ತಿದ್ದೋಕೆ ಹೋದ್ರೆ ಕೇಸೇ ಬಿದ್ದೋಯ್ತದೆ. ನೀನು ಖಾಲಿ ಹಾಳೆಗೆ ಸಹಿ ಹಾಕಿದ್ದೂ ಆಚೆಗೆ ಬತ್ತದೆ. ನಿಂದಿನ್ನೂ ಪ್ರೊಬೇಷನ್ನು, ಅಲ್ವಾ? ಯೋಚ್ನೆ ಮಾಡು.”

ಯೋಚನೆ ಮಾಡಿದೆ. ಮಗಳು ಎಂಟನೇ ಕ್ಲಾಸಿನಲ್ಲಿದ್ದಳು. ಸುಮ್ಮನಾದೆ. ಜಾಮೀನಿನ ಮೇಲೆ ಬಂದ ತಮ್ಮ ನನ್ನ ಮನೆ ಕಡೆ ತಿರುಗಲಿಲ್ಲ. ಅಕ್ಕ ಸುಳ್ಳೆಂದು ಗೊತ್ತಿದ್ದೇ ಸಹಿ ಹಾಕಿದ್ದಾಳೆ ಎಂದು ಅವನು ತಿಳಿದುಕೊಂಡ. ಇನ್ನೇನು ತಿಳಿಯಬೇಕು?

ಒಂದು ವರ್ಷ ಕಳೆದ ಮೇಲೆ ಕ್ಯಾಂಪಿಗೆ ಹೊಸ ಎಸ್ಪಿ ಬಂದರು. ಉತ್ತರದವರು, ಕನ್ನಡವನ್ನು ದಿನಪತ್ರಿಕೆ ಓದಿ ಕಲಿತವರು. ಅವರ ಸಂಸ್ಥೆಯ ಕೇಸುಗಳು ಒಂದರ ಹಿಂದೊಂದು ಕೋರ್ಟಿನಲ್ಲಿ ಬೀಳುತ್ತಿದ್ದುವಂತೆ. ಪಂಚರು ಕಟಕಟೆಯಲ್ಲಿ ನಿಂತು ನಮಗೇನೂ ಗೊತ್ತಿಲ್ಲ ಅನ್ನುತ್ತಿದ್ದರಂತೆ. ಮಹಜರು ಮಾಡುವ ರೀತಿಯನ್ನೇ ಬದಲಿಸಬೇಕೆಂದು ಅವರು ಮೇಲೆ ಹೋರಾಡಿ, ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಪ್ರಯೋಗಕ್ಕೆ ಒಪ್ಪಿಗೆ ತಂದಿದ್ದರು. ಖಾಲಿ ಹಾಳೆಗೆ ಸಹಿ ಇಲ್ಲ. ಮಹಜರು ಸ್ಥಳದಲ್ಲೇ, ಕೈಯಲ್ಲೇ, ಕನ್ನಡದಲ್ಲೇ. ವಸ್ತು ಎತ್ತುವಾಗ ಪಂಚರು ನೋಡಬೇಕು. ಬರೆದದ್ದನ್ನು ಓದಿ ಹೇಳಬೇಕು, ಪಂಚರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಆ ಮನೆಯವರಿಗೂ ಪಂಚರಿಗೂ ನಂಟಿದೆಯಾ ಎಂದು ಮೊದಲು ಕೇಳಬೇಕು. ಹಳೆಯ ಪಂಚರನ್ನೆಲ್ಲ ಕರೆಸಿ ವಿಚಾರಿಸುವ ಕೆಲಸವೂ ಇತ್ತು. ತಪ್ಪಿದೆ ಎಂದು ಕಂಡರೆ ತಿದ್ದಿ ವರದಿ ಕೊಡುವ ಅಧಿಕಾರವನ್ನು ಮೂರು ತಿಂಗಳ ಮಟ್ಟಿಗೆ ಅವರಿಗೇ ಕೊಟ್ಟಿದ್ದರು.

ಹೆಚ್ಚು ಮಹಜರಿಗೆ ಹೋದವಳು ನಾನೇ ಆದ್ದರಿಂದ ಆರು ತಿಂಗಳು ನನ್ನನ್ನು ಕ್ಯಾಂಪಿಗೆ ಹಾಕಿಸಿಕೊಂಡರು. ಪಂಚರಿಗೆ ಪತ್ರ ಮುಟ್ಟಿಸುವುದು, ಹೊಸ ಪಂಚರಿಗೆ ನಿಯಮ ಓದಿ ಹೇಳುವುದು ನನ್ನ ಕೆಲಸ. ಮೊದಲ ದಿನ, ಮೊದಲನೆಯವಳಾಗಿ ನನ್ನನ್ನೇ ಕರೆದು ಕೇಳಿದರು. ಏನು ಹೇಳಿದೆ ಎಂದು ಆಗಲೇ ಬರೆದಿದ್ದೇನೆ.

ಎರಡನೇ ವಾರ ಚನ್ನಪಟ್ಟಣದಿಂದ ಒಬ್ಬ ಸಾಬರು ಬಂದರು. ಬೊಂಬೆ ಕಡೆಯುವವರು. ಒಂದು ಸಲ ನೌಕರರು ಸಿಗದೆ ಅವರನ್ನು ಕರೆದಿದ್ದರು. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಅರಗು ಅಂಟಿತ್ತು.

“ಏನು ನೋಡಿದಿರಿ?” ಎಂದು ಎಸ್ಪಿ ಕೇಳಿದರು.

“ಸಾಬ್, ನಾನು ನೋಡಿದ್ದು ನಿಮ್ ಜೀಪಿನ ಟೈರು. ಅದ್ರ ಪಕ್ಕ ಕುಂದ್ರು ಅಂದ್ರು, ಕುಂತೆ. ಸಹಿ ಹಾಕು ಅಂದ್ರು, ಹಾಕ್ದೆ. ಟೈರು ಮಾತ್ರ ಒಸಿ ಸವ್ದಿತ್ತು, ಬದ್ಲಾಯ್ಸಿದ್ರಾ?”

ಎಸ್ಪಿ ನಕ್ಕುಬಿಟ್ಟರು. “ಇದನ್ನು ಬರೆದುಕೊಳ್ಳಲಾ?”

“ಬರ್ಕಳಿ ಸಾಬ್. ನೋಡಿಲ್ಲ ಅನ್ನೋಕೆ ನಂಗೇನು ಹೆದ್ರಿಕೆ?”

ಅವರನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆ. “ನೀನೂ ಪಂಚಳೇನಮ್ಮ? ನೀನೇನ್ ನೋಡ್ದೆ?” ಎಂದರು. ಬಸ್ಸು ಬಂತು, ಹತ್ತಿಸಿದೆ.

ಹೊಸ ರೀತಿ ಸುಲಭವಾಗಿರಲಿಲ್ಲ. ಕನಕಪುರದ ಮೊದಲ ಶೋಧದಲ್ಲಿ ಹನ್ನೊಂದು ಬಾಬತ್ತು ಬರೆಯಲು ಐದು ಗಂಟೆ ಹಿಡಿಯಿತು. ಕನ್ನಡ ಬರೆಯಬಲ್ಲ ಪೇದೆ ಒಬ್ಬನೇ. ಅವನ ಅಕ್ಷರ ಅವನಿಗೇ ಓದಲು ಬಾರದೆ ಎರಡು ಸಲ ತಿದ್ದಿ ಬರೆದ. ಓದಿ ಹೇಳುವಾಗ ಕರೆಂಟು ಹೋಯಿತು. ಕಿಟಕಿಗೆ ಹಿಡಿದು ಓದಿದರು. ಪಂಚನಾಗಿದ್ದ ಗುಮಾಸ್ತ ಹಸಿವು ತಡೆಯದೆ, “ಎಲ್ಲಾ ಸರಿಯಾಗೈತೆ ಸ್ವಾಮಿ, ಬುಟ್ಬುಡಿ” ಎಂದು ಕೈಮುಗಿದ. ಇನ್ಸ್‌ಪೆಕ್ಟರು ನನ್ನ ಕಡೆ ನೋಡಿ, “ಹಿಂಗೇ ಆದ್ರೆ ಕಳ್ರು ಮುದುಕ್ರಾದ ಮೇಲೆ ಹಿಡೀಬೇಕಾಯ್ತದೆ” ಎಂದರು.

ಮೂರನೇ ತಿಂಗಳು ದಿಲ್ಲಿಯಿಂದ ಎಲ್ಲ ಮಹಜರೂ ವಾಪಸು ಬಂದವು. ಕನ್ನಡದಲ್ಲಿವೆ, ಅನುವಾದ ಲಗತ್ತಿಸಿಲ್ಲ ಎಂದು. ಅನುವಾದಕರನ್ನು ಕೊಡಿ ಎಂದು ಎಸ್ಪಿ ಬರೆದರು. ಮಂಜೂರಾದ ಹುದ್ದೆ ಇಲ್ಲ ಎಂದು ಉತ್ತರ ಬಂತು. ಕೊನೆಗೆ ಅವರೇ ಕೂತು ಒಂದೊಂದಾಗಿ ಇಂಗ್ಲಿಷಿಗೆ ಮಾಡಿದರು. ಅರ್ಥವಾಗದ ಪದ ಬಂದಾಗ ನನ್ನನ್ನು ಕೂಗುತ್ತಿದ್ದರು. “ಅಮ್ಮಾ, ವಾಡೆ ಅಂದರೆ?” “ಕಾಳು ತುಂಬೋ ದೊಡ್ಡ ಮಣ್ಣಿನ ಗುಡಾಣ ಸಾರ್.” “ನೆಲುವು ಅಂದರೆ?” “ಮಡಕೆ ತೂಗುಹಾಕೋ ಹಗ್ಗ ಸಾರ್.” ಹೀಗೆ. ಅಷ್ಟು ಪಾಡು ಪಡುತ್ತಿದ್ದ ಮನುಷ್ಯನ ಎದುರು ದಿನವೂ ನಿಂತು ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಆ ತಿಂಗಳ ಕೊನೆಗೆ ತಿದ್ದಿ ವರದಿ ಕೊಡುವ ಅವರ ಅಧಿಕಾರದ ಅವಧಿ ಮುಗಿಯಿತು. ಮುಂದುವರಿಸಿ ಎಂದು ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ. ಅದು ನನಗೆ ಗೊತ್ತಿತ್ತು. ಆ ಪತ್ರವನ್ನು ಅಂಚೆಗೆ ಹಾಕಿದವಳೇ ನಾನು.

ಐದನೇ ತಿಂಗಳು ಕಲ್ಯದಲ್ಲಿ ಒಂದು ಶೋಧವಿತ್ತು. ಪಂಚಳಾಗಿ ಬಂದವಳು ಆ ಊರಿನ ಅಂಗನವಾಡಿ ಸಹಾಯಕಿ. ನನಗಿಂತ ಕಡಿಮೆ ಓದಿದವಳು. ಬೆಳಿಗ್ಗೆ ನಾನೇ ಅವಳಿಗೆ ನಿಯಮ ಓದಿ ಹೇಳಿದ್ದೆ. ಮಹಜರು ಮುಗಿದು, ಪೇದೆ ಓದಿ, ಅವಳು ತಿರುಗಿ ಹೇಳತೊಡಗಿದಳು. ಆರು ಬಾಬತ್ತು ಸರಿಯಾಗಿ ಹೇಳಿ ನಿಂತಳು.

“ಏಳ್ನೇದು ನಾನು ನೋಡ್ನಿಲ್ಲ.”

“ಅದೇನಮ್ಮ, ಬೀರುವಿಂದ ತೆಗೆದೆವಲ್ಲ, ನೀಲಿ ಪುಸ್ತಕ” ಎಂದ ಪೇದೆ.

“ತೆಗ್ದಿರಬಹುದು. ಆಗ ನಾನು ಈ ಮನೆ ಕೂಸ್ನ ಎತ್ಕಂಡು ಆಚೆಗೋಗಿದ್ದೆ. ನೋಡ್ದೆಲೆ ಎಂಗೆ ಹಾಕ್ಲಿ?”

ಎಸ್ಪಿ ಅವತ್ತು ಬೆಂಗಳೂರಿಗೆ ಹೋಗಿದ್ದರು. ಇನ್ಸ್‌ಪೆಕ್ಟರು ಗಡಿಯಾರ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. “ಒಂದು ಬಾಬತ್ತಿಗೆ ಎಲ್ಲಾ ಹರ್ದು ಹೊಸದಾಗಿ ಬರೀಬೇಕಾ? ನೀನು ಒಸಿ ಹೇಳು. ಹೆಂಗಸ್ರು ನಿನ್ ಮಾತು ಕೇಳ್ತಾರೆ.”

ನಾನು ಅವಳ ಬಳಿ ಹೋದೆ. ಅವಳು ಜಗುಲಿಯ ತುದಿಯಲ್ಲಿ ಕೂತಿದ್ದಳು. “ಯಾಕಕ್ಕ, ನೀನೇ ತಾನೆ ಬೆಳಿಗ್ಗೆ ಓದಿ ಯೋಳಿದ್ದು, ನೋಡ್ದಿದ್ರೆ ಹಾಕ್ಬ್ಯಾಡ ಅಂತ?” ಎಂದಳು. ಗದರಿಸಿ ಹೇಳಿದ್ದಲ್ಲ. ನಿಜವಾಗಿ ಗೊತ್ತಾಗದೆ ಕೇಳಿದಳು. ಒಪ್ಪಿಸಲು ಹೋದವಳು ಅವಳ ಪಕ್ಕದಲ್ಲಿ ಕೂತುಬಿಟ್ಟೆ. ಇಷ್ಟು ದಿನ ಹೆಂಗಸರನ್ನು ಸುಮ್ಮನಿರಿಸುವುದೇ ನನ್ನ ಕೆಲಸವಾಗಿತ್ತು. ನನ್ನ ಬಾಯಿಯನ್ನೂ ಅದೇ ರೀತಿ ಮುಚ್ಚಿಕೊಂಡಿದ್ದೆ.

“ಹಾಕ್ಬ್ಯಾಡ ಕಣವ್ವ” ಎಂದು ಹೇಳಿ ಎದ್ದೆ. ಇನ್ಸ್‌ಪೆಕ್ಟರು ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟರು.

ಮರುದಿನ ಬೆಳಿಗ್ಗೆ ಎಸ್ಪಿ ಬರುವ ಮುಂಚೆಯೇ ಅವರ ಕೋಣೆಯ ಮುಂದೆ ನಿಂತಿದ್ದೆ. ಎಲ್ಲ ಹೇಳಿದೆ. ಖಾಲಿ ಹಾಳೆ, ರಾಗಿ ಡಬ್ಬ, ಮರೆತ ಅರಗು, ಕಾಲ ಬಳಿಯ ಚೀಲ, ಜೀಪಿನಿಂದ ಇಳಿಯದೆ ಕೂತದ್ದು. ನನಗೆ ತೋಚಿದ ಒಂದು ಸಾಕ್ಷ್ಯವನ್ನೂ ಹೇಳಿದೆ.

“ಆ ಕಟ್ಟು ಬಿಚ್ಚಿ ನೋಡಿ ಸಾರ್. ದಾರದ ಗಂಟಿನಲ್ಲಿ ರಾಗಿ ಹಿಟ್ಟು ಇರುತ್ತೆ.”

ಅವರು ತಲೆ ಆಡಿಸಿದರು. “ಇರುತ್ತದೆ. ಆದರೆ ನಿಮ್ಮ ತಮ್ಮನ ಮನೆಯಲ್ಲಿ ರಾಗಿ ಹಿಟ್ಟು ಇಲ್ಲವಾ ಅಮ್ಮಾ?”

ಈ ನಾಲ್ಕು ತಾಲ್ಲೂಕಿನಲ್ಲಿ ಆ ಹಿಟ್ಟಿಲ್ಲದ ಮನೆ ಎಲ್ಲಿದೆ? ತೋರಿಸಲು ಯಾವ ವಸ್ತುವೂ ಇರಲಿಲ್ಲ. ನನ್ನ ಮಾತೊಂದೇ ಇತ್ತು. ಅದನ್ನೂ ಐದು ತಿಂಗಳ ಹಿಂದೆ ನಾನೇ ಕೆಡಿಸಿಟ್ಟಿದ್ದೆ.

“ಮೊದಲ ದಿನ ಹೇಳಿದ್ದರೆ ಅವತ್ತೇ ನಾನೊಂದು ವರದಿ ಬರೆಯುತ್ತಿದ್ದೆ” ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಈಗ ನಿಮ್ಮ ಹೇಳಿಕೆ ಬರೆದು ಮೇಲೆ ಕಳಿಸಬಹುದು ಅಷ್ಟೇ. ನಿಮಗೆ ತೊಂದರೆ ಆಗಬಹುದು. ಆದರೂ ಬರೆಯಲಾ?”

“ಬರೀರಿ ಸಾರ್.”

ಅವರೇ ಕನ್ನಡದಲ್ಲಿ, ಒಂದೊಂದು ಅಕ್ಷರ ಕೂಡಿಸಿಕೊಂಡು ಬರೆದರು. ಓದಿ ಹೇಳಿದರು. ನಾನು ನನ್ನ ಮಾತಿನಲ್ಲಿ ತಿರುಗಿ ಹೇಳಿದೆ. ನಂಟಿದೆಯಾ ಎನ್ನುವ ಜಾಗದಲ್ಲಿ ‘ಒಡಹುಟ್ಟಿದ ಅಕ್ಕ’ ಎಂದು ನಾನೇ ತುಂಬಿದೆ. ಪೂರ್ತಿ ಬರೆದ ಹಾಳೆಯ ಕೆಳಗೆ ಸಹಿ ಹಾಕಿದ್ದು ಅವತ್ತೇ ಮೊದಲು.

ಹೇಳಿಕೆ ದಿಲ್ಲಿಗೆ ಹೋಯಿತು. ಪರಿಶೀಲನೆಯಲ್ಲಿದೆ ಎಂದು ಒಂದು ಸಾಲು ಬಂತು. ಮುಂದಿನ ತಿಂಗಳು ಎಸ್ಪಿಯವರಿಗೆ ದೂರದ ರಾಜ್ಯಕ್ಕೆ ವರ್ಗವಾಯಿತು. ಅವರ ಅಷ್ಟೆಲ್ಲ ನಿಯಮದಲ್ಲಿ ಸುತ್ತೋಲೆಯಾಗಿ ಉಳಿದದ್ದು ಒಂದೇ: ಪಂಚರು ಪ್ರತಿ ಪುಟಕ್ಕೂ ಸಹಿ ಮಾಡತಕ್ಕದ್ದು. ಮೊದಲು ಐದಾರು ಖಾಲಿ ಹಾಳೆಗೆ ಹಾಕಿಸುತ್ತಿದ್ದ ಕಡೆ ಈಗ ಹತ್ತು ಹನ್ನೆರಡಕ್ಕೆ ಹಾಕಿಸುತ್ತಾರೆ ಎಂದು ನನ್ನ ಬದಲಿಗೆ ಹೋಗುತ್ತಿದ್ದ ಹೆಂಗಸು ಹೇಳಿದಳು. ನನಗೆ ಮೆಮೊ ಬಂತು, ಎರಡು ವರ್ಷದ ವೇತನ ಬಡ್ತಿ ನಿಂತಿತು. ಕೆಲಸ ಹೋಗಲಿಲ್ಲ. ಯಾವ ಭಯಕ್ಕೆ ಬಾಯಿ ಮುಚ್ಚಿದ್ದೆನೋ ಅದು ಕೊನೆಗೂ ಆಗಲೇ ಇಲ್ಲ.

ನಾನು ತಮ್ಮನ ವಕೀಲರನ್ನು ಹುಡುಕಿಕೊಂಡು ಹೋಗಿ ಹೇಳಿಕೆಯ ವಿಷಯ ತಿಳಿಸಿದೆ. ಅವರು ಅದನ್ನು ಕೋರ್ಟಿಗೆ ತರಿಸಲು ಒಂದು ವರ್ಷ, ನನ್ನನ್ನು ಸಾಕ್ಷಿಗೆ ಕರೆಸಲು ಮತ್ತಷ್ಟು ತಿಂಗಳು ಹಿಡಿಯಿತು. ಕಟಕಟೆಯಲ್ಲಿ ಸರ್ಕಾರಿ ವಕೀಲರು, “ಆಗ ಹೇಳಿದ್ದು ಸುಳ್ಳಾ, ಈಗ ಹೇಳುತ್ತಿರುವುದು ಸುಳ್ಳಾ?” ಎಂದು ನಾಲ್ಕು ಸಲ ಕೇಳಿದರು. ನಾಲ್ಕು ಸಲವೂ ಆಗ ಹೇಳಿದ್ದು ಎಂದೆ. ತಮ್ಮನನ್ನು ಬಿಟ್ಟರು. ಅಷ್ಟರಲ್ಲಿ ಗ್ರಾಮ ಸಹಾಯಕನ ಕೆಲಸಕ್ಕೆ ಬೇರೆಯವನನ್ನು ಹಾಕಿಯಾಗಿತ್ತು. ನಮ್ಮಪ್ಪನ ಕಾಲದಿಂದ ಮನೆಯಲ್ಲಿದ್ದ ಕೆಲಸ.

ತೀರ್ಪು ಬಂದ ಮೇಲೂ ಅವನು ಮಾತಾಡಿಸಲಿಲ್ಲ. ಯುಗಾದಿಗೆ ಬಟ್ಟೆ ಕಳಿಸಿದೆ. ತೆಗೆದುಕೊಂಡ, ಉತ್ತರ ಕಳಿಸಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಕೂಟಗಲ್ಲಿಗೆ ಹೋದೆ. ಅವನಾಗ ಒಂದು ಫ್ಯಾಕ್ಟರಿಯ ಗೇಟಿನಲ್ಲಿ ಸೆಕ್ಯುರಿಟಿ. ಅದರ ಅಂಗಿಯನ್ನು ಒಗೆಯುವ ಕಲ್ಲಿನ ಮೇಲೆ ಉಜ್ಜುತ್ತಿದ್ದ. ನಾದಿನಿ ನೀರು ತಂದುಕೊಟ್ಟು ಒಳಗೆ ಹೋದಳು. ಒಳಗೆ ಕರೆಯುತ್ತಾನೋ ಎಂದು ಕಾದೆ. ಕರೆಯಲಿಲ್ಲ.

“ತಪ್ಪಾಯ್ತು ಅಂತ ಹೇಳೋಕೆ ಬಂದೆ” ಅಂದೆ.

“ಕೋರ್ಟ್ನಾಗೆ ಯೋಳ್ದಲ್ಲ, ಬುಡು.”

“ಅದು ಜಡ್ಜಿಗೆ ಹೇಳಿದ್ದು.”

ಅವನು ಅಂಗಿ ಹಿಂಡಿ ಕಲ್ಲಿನ ಮೇಲಿಟ್ಟ. ನನ್ನ ಮುಖ ನೋಡಿದ. ಜೀಪಿನ ದಿನದ ಮೇಲೆ ಅಂದೇ ನೋಡಿದ್ದು.

“ಹಂಗಾರೆ ಬುಡಿಸಿ ಯೋಳು. ಒಂದೇ ಮಾತ್ನಾಗೆ ತಪ್ಪಾಯ್ತು ಅಂತ ಮುಗಿಸ್ಬ್ಯಾಡ. ಏನ್ ತಪ್ಪಾಯ್ತು?”

ನಾನು ನಿಂತೇ ಹೇಳಿದೆ.

“ಖಾಲಿ ಹಾಳೆಗೆ ಸಹಿ ಹಾಕ್ದೆ ಕಣಪ್ಪ. ಅವತ್ತು ನಿನ್ ಮನೆ ಒಳಿಕ್ಕೆ ನಾನು ಕಾಲೇ ಇಕ್ಕಿರಲಿಲ್ಲ. ಆ ಕಟ್ಟು ನಿಂದಲ್ಲ. ಕುದೂರ್ನಾಗೆ ನಾನೇ ತೋರ್ಸಿ ತೆಗ್ಸಿದ್ದು. ಅದು ನಂಗೆ ಗೊತ್ತಿತ್ತು. ಗೊತ್ತಿದ್ದೂ, ಸಾಹೇಬ್ರು ಕರ್ದು ಕೇಳ್ದಾಗ ಸುಳ್ಳು ಹೇಳ್ದೆ. ನನ್ ಕೆಲ್ಸ ಉಳೀಲಿ ಅಂತ ಹೇಳ್ದೆ. ಉಳೀತು. ನಿಂದು ಹೋಯ್ತು. ತಪ್ಪಾಯ್ತು ಕಣಪ್ಪ.”